ಹಳೆ ಮನೆಯ ಗಾಳಿ ಡಕ್ಟ್: ತಪಾಸಣೆ, ಕ್ಲೀನಿಂಗ್, ರಿಪೇರಿ – ಸಮಗ್ರ ಮಾರ್ಗದರ್ಶಿ

ಟೇಬಲ್ ಒರೆಸಿ ಎರಡು ದಿನ ಆಗಿರುವುದಿಲ್ಲ, ಆಗಲೇ ಬೆರಳಲ್ಲಿ ಹೆಸರು ಬರೆಯುವಷ್ಟು ಧೂಳು. ಗಾಳಿ ತಳ್ಳುವ ಬ್ಲೋವರ್ ಶುರುವಾದ ಕೂಡಲೇ ಮುಗ್ಗಲು ವಾಸನೆ. ಒಂದು ರೂಮಿನಲ್ಲಿ ಗಾಳಿ ಮುಖಕ್ಕೆ ರಾಚುತ್ತದೆ, ಪಕ್ಕದ ರೂಮಿನಲ್ಲಿ ಕಾಗದದ ಚೂರೂ ಅಲ್ಲಾಡುವುದಿಲ್ಲ. ಸೆಂಟ್ರಲ್ ಎಸಿ ಅಥವಾ ಹೀಟಿಂಗ್ ಇರುವ ಹಳೆ ಮನೆಗೆ ಹೋದರೆ ಈ ಮೂರು ದೂರುಗಳಲ್ಲಿ ಒಂದಾದರೂ ಕಿವಿಗೆ ಬೀಳುತ್ತದೆ. ಅದರ ಹಿಂದೆಯೇ ಬರುವ ಮಾತು: "ಡಕ್ಟ್ ಕ್ಲೀನ್ ಮಾಡಿಸಿಬಿಡೋಣ."

ಮಾಡಿಸಬಹುದು. ಆದರೆ ಧೂಳು ಡಕ್ಟಿನಲ್ಲಿ, ಅಂದರೆ ರೂಮುಗಳಿಗೆ ಗಾಳಿ ಒಯ್ಯುವ ಕೊಳವೆಯಲ್ಲಿ, ಹುಟ್ಟುವುದಿಲ್ಲ, ಎಲ್ಲಿಂದಲೋ ಬಂದು ಸೇರಿಕೊಳ್ಳುತ್ತದೆ. ಆ ದಾರಿ ಮುಚ್ಚದೆ ಡಕ್ಟ್ ಕ್ಲೀನ್ ಮಾಡಿಸಿದರೆ ನಲ್ಲಿ ನಿಲ್ಲಿಸದೆ ನೆಲ ಒರೆಸಿದ ಹಾಗೆ.

ನಾನು ನೋಡಿದ ಒಂದು ಮನೆಯಲ್ಲಿ ಎರಡು ವರ್ಷದಲ್ಲಿ ಎರಡು ಸಲ ಡಕ್ಟ್ ಕ್ಲೀನಿಂಗ್ ಆಗಿತ್ತು. ಎರಡೂ ಸಲ ಮೂರೇ ತಿಂಗಳಿಗೆ ಧೂಳು ವಾಪಸ್. ಕೊನೆಗೆ ಹಾಲ್‌ನ ರಿಟರ್ನ್ ಗ್ರಿಲ್ (ಮನೆಯ ಗಾಳಿಯನ್ನು ಯಂತ್ರಕ್ಕೆ ವಾಪಸ್ ಎಳೆಯುವ ಜಾಲರಿ) ಬಿಚ್ಚಿ, ಟಾರ್ಚನ್ನು ಮೇಲಕ್ಕೆ ತಿರುಗಿಸಿದಾಗ ಕಂಡದ್ದು ಏನು ಗೊತ್ತಾ? ಅಟ್ಟದ ಮಾಡಿನ ಹಲಗೆಗಳು! ಗೋಡೆಯೊಳಗಿನ ಟೊಳ್ಳನ್ನೇ ಡಕ್ಟ್ ಮಾಡಿಕೊಂಡಿದ್ದರು, ಅದರ ಮೇಲ್ಬಾಯಿ ಮುಚ್ಚಿರಲೇ ಇಲ್ಲ. ಬ್ಲೋವರ್ ಓಡಿದಷ್ಟು ಹೊತ್ತೂ ಅಟ್ಟದ ಧೂಳನ್ನು ಎಳೆದೆಳೆದು ಎಲ್ಲ ರೂಮಿಗೂ ಹಂಚುತ್ತಿತ್ತು. ಒಂದು ತಗಡಿನ ತುಂಡು, ಆರು ಸ್ಕ್ರೂ, ಸಂದಿ ಮುಚ್ಚುವ ಒಂದಿಷ್ಟು ಮ್ಯಾಸ್ಟಿಕ್ ಲೇಪ. ಅಷ್ಟರಲ್ಲಿ ಮುಗಿಯಿತು.

ಹಾಗಾಗಿ ಈ ಮಾರ್ಗದರ್ಶಿಯಲ್ಲಿ ಕ್ಲೀನಿಂಗ್ ಮೊದಲ ಹೆಜ್ಜೆಯಲ್ಲ. ಅದು ಬರುವುದು ಸುಮಾರು ಅರ್ಧ ದಾರಿಯಲ್ಲಿ.

ಹೆಜ್ಜೆ 1: ನಿಜವಾಗಿಯೂ ಬೇಕಾ?

ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ, ಅಂದರೆ ಇಪಿಎ, ಈ ವಿಷಯದಲ್ಲಿ ನೇರವಾಗಿ ಮಾತಾಡುತ್ತದೆ. ವರ್ಷಕ್ಕೊಮ್ಮೆ ಮಾಡಿಸಿ ಅಂತ ಅದು ಹೇಳುವುದಿಲ್ಲ, ಅಗತ್ಯ ಬಿದ್ದಾಗ ಮಾತ್ರ ಅನ್ನುತ್ತದೆ. ಡಕ್ಟ್ ಕ್ಲೀನ್ ಮಾಡಿಸಿದರೆ ಕಾಯಿಲೆ ಬರುವುದಿಲ್ಲ ಅನ್ನುವುದು ಸಾಬೀತಾಗಿಲ್ಲ ಅಂತಲೂ ಹೇಳುತ್ತದೆ. ಹಾಗಾಗಿ "ಆಸ್ತಮಾ ಮಾಯ" ಎಂದು ಜಾಹೀರಾತು ಕೊಡುವವರನ್ನು ದೂರವೇ ಇಡಿ.

ಅಗತ್ಯ ಯಾವಾಗ? ಡಕ್ಟಿನ ಒಳಗೆ ಅಥವಾ ಯಂತ್ರದ ಬೇರೆ ಭಾಗಗಳಲ್ಲಿ ಕಣ್ಣಿಗೆ ಕಾಣುವಷ್ಟು ಬೂಷ್ಟು ಬೆಳೆದಿದ್ದರೆ. ಇಲಿ, ಹುಳ ಸೇರಿಕೊಂಡಿದ್ದರೆ. ಕಸ, ಧೂಳು ಕಟ್ಟಿಕೊಂಡು ಗ್ರಿಲ್‌ನಿಂದ ರೂಮಿಗೆ ಉದುರುತ್ತಿದ್ದರೆ. ಹಳೆ ಮನೆಗಳಿಗೆ ನಾನು ಇನ್ನೊಂದು ಸೇರಿಸುತ್ತೇನೆ: ಗೋಡೆ ಒಡೆದು, ಪ್ಲಾಸ್ಟರ್ ಉಜ್ಜಿ ರಿಪೇರಿ ಮಾಡುವಾಗ ಬ್ಲೋವರ್ ಓಡುತ್ತಲೇ ಇದ್ದಿದ್ದರೆ. ಪ್ಲಾಸ್ಟರಿನ ನುಣುಪು ಪುಡಿ ಹೋಗದ ಜಾಗವಿಲ್ಲ.

ಡಕ್ಟಿನ ಗೋಡೆಗೆ ತೆಳ್ಳಗೆ ಬೂದು ಬಣ್ಣದ ಧೂಳಿನ ಪದರ ಅಂಟಿರುವುದು ಎಲ್ಲ ಮನೆಯಲ್ಲೂ ಇರುವಂಥದ್ದು. ಅದು ಅಲ್ಲೇ ಕೂತಿದ್ದರೆ ಯಾರಿಗೂ ತೊಂದರೆಯಿಲ್ಲ. ಅದರ ಫೋಟೋ ತೋರಿಸಿ ಹೆದರಿಸುವುದು ಈ ಧಂಧೆಯ ಹಳೇ ವಿದ್ಯೆ.

ಹೆಜ್ಜೆ 2: ನಿಮ್ಮ ಡಕ್ಟ್ ಯಾವ ಜಾತಿಯದು ತಿಳಿದುಕೊಳ್ಳಿ

ಹಳೆ ಮನೆಯಲ್ಲಿ ಡಕ್ಟ್ ಒಂದೇ ಥರ ಇರುವುದು ಅಪರೂಪ. ಒಂದು ತಲೆಮಾರು ತಗಡು ಹಾಕಿರುತ್ತದೆ, ಇನ್ನೊಂದು ಅದಕ್ಕೆ ಬೇಕಾದಂತೆ ಬಾಗುವ ಫ್ಲೆಕ್ಸ್ ಕೊಳವೆ ಸಿಕ್ಕಿಸಿರುತ್ತದೆ. ಒಂದೊಂದನ್ನೂ ಕ್ಲೀನ್ ಮಾಡುವ ರೀತಿ ಬೇರೆ. ಅದಕ್ಕೇ ಇದನ್ನು ಮೊದಲು ನೋಡಬೇಕು.

ಗ್ಯಾಲ್ವನೈಸ್ಡ್ ತಗಡಿನ ಡಕ್ಟ್ ಇದ್ದರೆ ನಿಮ್ಮ ಅದೃಷ್ಟ. ಬ್ರಶ್ ತಡೆಯುತ್ತದೆ, ಗಾಳಿಯ ಹೊಡೆತ ತಡೆಯುತ್ತದೆ, ತೂತು ಕೊರೆದು ಮತ್ತೆ ಮುಚ್ಚಬಹುದು. ಅದರ ದೌರ್ಬಲ್ಯ ಜಾಯಿಂಟುಗಳು. ಹಿಂದಿನವರು ತುಂಡಿಗೆ ತುಂಡು ಸಿಕ್ಕಿಸಿ ಹಾಗೇ ಬಿಟ್ಟಿರುತ್ತಾರೆ, ಸೀಲ್ ಮಾಡುವ ರೂಢಿಯೇ ಆಗ ಇರಲಿಲ್ಲ.

ಫೈಬರ್‌ಗ್ಲಾಸ್ ಹಲಗೆಯ ಡಕ್ಟ್, ಅಥವಾ ಒಳಮೈಗೆ ಫೈಬರ್‌ಗ್ಲಾಸ್ ಅಂಟಿಸಿದ ತಗಡು: ಇದಕ್ಕೆ ಗಟ್ಟಿ ಬ್ರಶ್ ತಾಗಿಸಿದರೆ ಮೇಲ್ಮೈ ಹರಿದು ಎಳೆಗಳು ಗಾಳಿಗೆ ಸೇರುತ್ತವೆ. ಒಮ್ಮೆ ಒದ್ದೆಯಾಗಿ ಬೂಷ್ಟು ಹಿಡಿದಿದ್ದರಂತೂ ಕ್ಲೀನ್ ಮಾಡಲು ಆಗುವುದೇ ಇಲ್ಲ. ಆ ಭಾಗ ಕಿತ್ತು ಹೊಸದು ಹಾಕಬೇಕು.

ಫ್ಲೆಕ್ಸ್ ಕೊಳವೆಯ ಒಳಪೊರೆ ಪ್ಲಾಸ್ಟಿಕ್. ಹಳೆಯದಾದರೆ ಕೈಯಲ್ಲಿ ಹಿಡಿದರೇ ಪುಡಿಯಾಗುತ್ತದೆ. ಅದನ್ನು ಕ್ಲೀನ್ ಮಾಡಿಸುವುದಕ್ಕಿಂತ ಬದಲಿಸುವುದೇ ಜಾಣತನ.

ಇನ್ನು ಹಳೆ ಮನೆಗಳ ವಿಶೇಷ: ಡಕ್ಟೇ ಇಲ್ಲದ ಡಕ್ಟ್. ನೆಲದ ಎರಡು ತೊಲೆಗಳ ನಡುವಿನ ಜಾಗಕ್ಕೆ ಕೆಳಗಿನಿಂದ ಒಂದು ತಗಡು ಹೊಡೆದರೆ ರಿಟರ್ನ್ ಆಯಿತು. ಗೋಡೆಯ ಎರಡು ಮರದ ಕಂಬಗಳ ನಡುವಿನ ಟೊಳ್ಳೂ ಹಾಗೇ. ಮರ ಒಣಗಿ ಕುಗ್ಗುತ್ತದೆ, ಮೊಳೆ ಸಡಿಲವಾಗುತ್ತದೆ, ಮಧ್ಯೆ ಯಾರೋ ವೈರ್ ಎಳೆಯಲು ತೂತು ಕೊರೆದಿರುತ್ತಾರೆ. ಮನೆಯ ಧೂಳಿನ ಮೂಲ ಹುಡುಕುವಾಗ ನಾನು ಮೊದಲು ಇಣುಕುವುದು ಇಲ್ಲಿಗೇ.

ಹೆಜ್ಜೆ 3: ಕಲ್ನಾರು ಇದೆಯಾ? ಇದ್ದರೆ ಕೈ ಹಿಂದಕ್ಕೆ

ಈ ಹೆಜ್ಜೆ ಹಾರಿಸಬೇಡಿ. 1920ರ ದಶಕದಿಂದ 1970ರ ದಶಕದವರೆಗೆ ಕಟ್ಟಿದ ಎಷ್ಟೋ ಮನೆಗಳಲ್ಲಿ ಡಕ್ಟಿಗೆ ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಬಳಸಿದ್ದಾರೆ. ಜಾಯಿಂಟಿನ ಮೇಲೆ ಸುತ್ತಿದ ಬಿಳಿ ಅಥವಾ ಬೂದು ಬಣ್ಣದ ಕಾಗದದಂಥ ಟೇಪ್. ರಟ್ಟಿನ ಪೆಟ್ಟಿಗೆಯ ಹಾಗೆ ಪದರ ಪದರವಾಗಿರುವ ಹೊದಿಕೆ. ಗ್ರಿಲ್ ಕೂರುವ ಪೆಟ್ಟಿಗೆಯ ಸುತ್ತ ಅಂಟಿಸಿದ ಕಾಗದ. ಹೀಟರಿಗೂ ಮುಖ್ಯ ಡಕ್ಟಿಗೂ ನಡುವೆ, ಅದುರುವ ಸದ್ದು ತಡೆಯಲು ಹಾಕಿದ ದಪ್ಪ ಬಟ್ಟೆಯ ತುಂಡು. ನೆಲದ ಕಾಂಕ್ರೀಟಿನಲ್ಲಿ ಹೂತ ಸಿಮೆಂಟ್ ಬಣ್ಣದ ಕೊಳವೆ. ಇವುಗಳಲ್ಲಿ ಯಾವುದು ಕಂಡರೂ ಅನುಮಾನಪಡಿ.

ಕಣ್ಣಿನಿಂದ ನೋಡಿ ಹೌದು, ಅಲ್ಲ ಅಂತ ಯಾರೂ ಹೇಳಲಾರರು. ಲ್ಯಾಬಿನಲ್ಲಿ ಮೈಕ್ರೋಸ್ಕೋಪ್ ಕೆಳಗೆ ಇಟ್ಟರೇ ಗೊತ್ತಾಗುವುದು. ಸ್ಯಾಂಪಲ್ಲನ್ನೂ ಸುಮ್ನೆ ನೀವೇ ಕಿತ್ತುಕೊಳ್ಳಬೇಡಿ, ಅದಕ್ಕೆ ತರಬೇತಿ ಆದವರನ್ನು ಕರೆಸಿ.

ಹೊದಿಕೆ ಗಟ್ಟಿಯಾಗಿ ಅಂಟಿಕೊಂಡಿದ್ದು, ಹರಿಯದೆ, ಉದುರದೆ ಇದ್ದರೆ ಅದನ್ನು ಮುಟ್ಟದೆ ಬಿಡುವುದೇ ಸಾಮಾನ್ಯ ಸಲಹೆ. ಅಪಾಯ ಇರುವುದು ಅದರ ಎಳೆ ಗಾಳಿಗೆ ಸೇರಿದಾಗ. ಡಕ್ಟಿನ ಒಳಗೆ ಬ್ರಶ್ ತಿರುಗಿದರೆ ಹೊರಗಿನ ಹೊದಿಕೆಯೂ ಅದುರುತ್ತದೆ, ಅಲ್ವಾ? ಆದ್ದರಿಂದ ಹೊದಿಕೆ ಹರಿದಿದ್ದರೆ ಮೊದಲು ಕಲ್ನಾರು ತೆಗೆಯುವ ಲೈಸೆನ್ಸ್ ಇರುವವರ ಕೆಲಸ, ಆಮೇಲೆ ಡಕ್ಟಿನವರ ಕೆಲಸ. ಡಕ್ಟ್ ಕ್ಲೀನಿಂಗ್‌ಗೆ ಬಂದವರು "ಅದನ್ನೂ ನಾವೇ ಕಿತ್ತು ಹಾಕ್ತೀವಿ ಬಿಡಿ" ಅಂದರೆ ಬಾಗಿಲು ತೋರಿಸಿ.

ಸೀಸದ ಬಣ್ಣದ ವಿಷಯವೂ ಹೀಗೇ. ಅಮೆರಿಕದಲ್ಲಿ ಮನೆಗೆ ಸೀಸದ ಬಣ್ಣ ಬಳಿಯುವುದು ನಿಷೇಧವಾದದ್ದು 1978ರಲ್ಲಿ. ಹಳೆ ಗ್ರಿಲ್‌ಗಳ ಮೇಲಿನ ಪದರ ಪದರ ಬಣ್ಣವನ್ನು ಒಣಗಿದ್ದ ಹಾಗೇ ಉಜ್ಜಬೇಡಿ.

ಹೆಜ್ಜೆ 4: ಟಾರ್ಚ್, ಕನ್ನಡಿ, ಒಂದು ಗಂಟೆ

ಯಾರನ್ನೂ ಕರೆಸುವ ಮೊದಲು ನೀವೇ ಒಂದು ಸುತ್ತು ಹಾಕಿ. ಬೇಕಾದದ್ದು ಟಾರ್ಚ್, ಸಣ್ಣ ಕನ್ನಡಿ, ಸ್ಕ್ರೂ ಡ್ರೈವರ್, ಮಾಸ್ಕ್, ಟಿಶ್ಯೂ ಕಾಗದ. ಫೋನಿನ ಕ್ಯಾಮೆರಾ ಹೇಗೂ ಇರುತ್ತದೆ.

ಬ್ಲೋವರ್ ಆಫ್ ಮಾಡಿ. ಪ್ರತಿ ರೂಮಿನ ಗ್ರಿಲ್ ಬಿಚ್ಚಿ, ಫೋನ್ ಒಳಗೆ ತೂರಿಸಿ ಫೋಟೋ ತೆಗೆಯಿರಿ. ಯಾವ ರೂಮಿನದು ಅಂತ ಬರೆದಿಟ್ಟುಕೊಳ್ಳಿ. ಮುಂದೆ ಕೆಲಸ ಆದಮೇಲೆ ಹೋಲಿಸಲು ಇದೇ ಸಾಕ್ಷಿ. ಇಲಿಯ ಹಿಕ್ಕೆ, ನೀರಿನ ಕಲೆ, ತುಕ್ಕು, ಕುಸಿದ ಭಾಗ ಕಂಡರೆ ಗುರುತು ಹಾಕಿ.

ಈಗ ಬ್ಲೋವರ್ ಆನ್ ಮಾಡಿ. ಗಾಳಿ ಬರುವ ಒಂದೊಂದು ಗ್ರಿಲ್ ಮುಂದೆಯೂ ಟಿಶ್ಯೂ ಹಿಡಿಯಿರಿ. ಎಲ್ಲಿ ಹಾರುತ್ತದೆ, ಎಲ್ಲಿ ಸುಮ್ಮನೆ ನೇತಾಡುತ್ತದೆ ನೋಡಿ. ಗಾಳಿ ಎಳೆಯುವ ರಿಟರ್ನ್ ಗ್ರಿಲ್‌ಗೆ ಟಿಶ್ಯೂ ಅಂಟಿಕೊಂಡು ನಿಲ್ಲಬೇಕು. ನಿಲ್ಲದಿದ್ದರೆ ಯಂತ್ರ ತನಗೆ ಬೇಕಾದ ಗಾಳಿಯನ್ನು ಬೇರೆ ಎಲ್ಲಿಂದಲೋ ಎಳೆಯುತ್ತಿದೆ ಅಂತ ಅರ್ಥ. ಆ 'ಬೇರೆ ಎಲ್ಲಿಂದಲೋ' ಅನ್ನುವುದನ್ನು ಕಂಡುಹಿಡಿದರೆ ನಿಮ್ಮ ಅರ್ಧ ಕೆಲಸ ಆದಂತೆ.

ಅಟ್ಟಕ್ಕೋ ಬೇಸ್‌ಮೆಂಟಿಗೋ ಹೋಗಿ ಡಕ್ಟಿನ ಹೊರಮೈ ನೋಡಿ. ಫೈಬರ್‌ಗ್ಲಾಸ್ ಹೊದಿಕೆ ಸಾಮಾನ್ಯವಾಗಿ ಹಳದಿ ಅಥವಾ ಗುಲಾಬಿ ಬಣ್ಣ. ಅದರ ಮೇಲೆ ಒಂದು ಕಡೆ ಮಾತ್ರ ಮಸಿ ಮೆತ್ತಿದ ಹಾಗೆ ಕಪ್ಪು ಪಟ್ಟೆ ಕಂಡರೆ ಎಷ್ಟೋ ಜನ "ಅಯ್ಯೋ ಬೂಷ್ಟು" ಅಂತ ಗಾಬರಿ ಬೀಳುತ್ತಾರೆ. ಸಾಮಾನ್ಯವಾಗಿ ಅದು ಬೂಷ್ಟಾಗಿರುವುದಿಲ್ಲ. ಒಳಗಿನ ಜಾಯಿಂಟಿನಿಂದ ಗಾಳಿ ನುಗ್ಗಿ ಬರುವಾಗ ಹೊದಿಕೆ ಜರಡಿಯ ಹಾಗೆ ಧೂಳು ಹಿಡಿದಿಟ್ಟುಕೊಂಡಿದೆ. ಅಂದರೆ ಸೋರಿಕೆ ತಾನೇ ತನ್ನ ವಿಳಾಸ ಬರೆದುಕೊಟ್ಟಿದೆ. ಆ ಜಾಗಕ್ಕೆ ಮಾರ್ಕರ್‌ನಲ್ಲಿ ಒಂದು ದುಂಡು ಗುರುತು ಹಾಕಿ.

ಕೊನೆಯದಾಗಿ ಫಿಲ್ಟರ್ ಕೂರುವ ಜಾಗ. ಹಳೆ ಯಂತ್ರಗಳಲ್ಲಿ ಫಿಲ್ಟರ್ ತೂರಿಸುವ ಸೀಳಿಗೆ ಮುಚ್ಚಳವೇ ಇರುವುದಿಲ್ಲ. ಫಿಲ್ಟರಿಗೂ ಬ್ಲೋವರಿಗೂ ಮಧ್ಯೆ ಎಲ್ಲಿ ಸಂದಿ ಇದ್ದರೂ ಅಲ್ಲಿಂದ ಬಂದ ಧೂಳು ಸೋಸದೆಯೇ ನೇರ ನಿಮ್ಮ ಹಾಸಿಗೆಗೆ. ಇಡೀ ಮನೆಯಲ್ಲಿ ಬೆರಳು ಗಾತ್ರದ ಸಂದಿ ಇಷ್ಟು ಕಾಟ ಕೊಡುವ ಜಾಗ ಇನ್ನೊಂದಿಲ್ಲ.

ಹೆಜ್ಜೆ 5: ಕೆಲಸದವರನ್ನು ಆರಿಸುವುದು

ಫೋನಿನಲ್ಲೇ ರೇಟ್ ಹೇಳಿ, ಒಂದು ಗಂಟೆಯಲ್ಲಿ ಮುಗಿಸುತ್ತೇವೆ ಅನ್ನುವವರು ಬೇಡ. ಒಂದು ಮನೆಯ ಪೂರ್ತಿ ವ್ಯವಸ್ಥೆಯನ್ನು ಸರಿಯಾಗಿ ಕ್ಲೀನ್ ಮಾಡಲು ಇಬ್ಬರಿಗೆ ಕಡಿಮೆ ಅಂದರೂ ಅರ್ಧ ದಿನ ಬೇಕು. ತೀರಾ ಅಗ್ಗದ ದರಕ್ಕೆ ಬಂದು, ಗ್ರಿಲ್ ಬಾಯಿಗೆ ಮನೆಯ ವ್ಯಾಕ್ಯೂಮ್ ಹಿಡಿದು, ಆಮೇಲೆ "ಬೂಷ್ಟು ಸಿಕ್ಕಿದೆ ಸಾರ್, ಅದಕ್ಕೆ ಬೇರೆ ಚಾರ್ಜ್" ಅನ್ನುವ ಆಟ ಎಲ್ಲ ಕಡೆಯೂ ಇದೆ.

ಈ ಕಸುಬಿಗೆ ನ್ಯಾಡ್ಕಾ ಎಂಬ ಸಂಘವಿದೆ. 1989ರಲ್ಲಿ ಅಮೆರಿಕದಲ್ಲಿ ಶುರುವಾದದ್ದು. ಅದು ರೂಪಿಸಿದ ಎಸಿಆರ್ ಎಂಬ ಮಾನದಂಡವೇ ಈ ಕೆಲಸಕ್ಕೆ ಅಳತೆಗೋಲು. ಬಂದವರಿಗೆ ಆ ಹೆಸರು ಗೊತ್ತಿದೆಯಾ ಕೇಳಿ. ಇನ್ನೂ ಕೆಲವು ಪ್ರಶ್ನೆ ಕೇಳಿ: ಬ್ಲೋವರ್, ಗಾಳಿ ತಂಪು ಮಾಡುವ ಕಾಯಿಲ್, ನೀರು ಹೋಗುವ ತಟ್ಟೆ ಎಲ್ಲ ಸೇರಿದೆಯೋ, ಬರೀ ಡಕ್ಟೋ? ಎಲ್ಲೆಲ್ಲಿ ತೂತು ಕೊರೆಯುತ್ತೀರಿ, ಹೇಗೆ ಮುಚ್ಚುತ್ತೀರಿ? ಕಲ್ನಾರು ಸಿಕ್ಕರೆ ಏನು ಮಾಡುತ್ತೀರಿ? ಕೆಲಸ ಆದಮೇಲೆ ಒಳಗಿನ ವಿಡಿಯೋ ತೋರಿಸುತ್ತೀರಾ? ಉತ್ತರ ಕಾಗದದ ಮೇಲೆ ಕೊಡಿ ಅನ್ನಿ. ಮೂರನೇ ಪ್ರಶ್ನೆಗೆ "ಕೆಲಸ ನಿಲ್ಲಿಸುತ್ತೇವೆ" ಅಂದರೆ ಒಳ್ಳೆಯವರು.

ಬರೀ ಡಕ್ಟ್ ಕ್ಲೀನ್ ಮಾಡಿ ಬ್ಲೋವರ್ ಬಿಟ್ಟರೆ ಪ್ರಯೋಜನ ಕಡಿಮೆ. ಬ್ಲೋವರ್ ಚಕ್ರದ ಒಂದೊಂದು ರೆಕ್ಕೆಯೂ ಒಳಕ್ಕೆ ಬಾಗಿದ ಸಣ್ಣ ಚಮಚದ ಹಾಗಿರುತ್ತದೆ. ಆ ಬಾಗು ಧೂಳಿನಿಂದ ತುಂಬಿದರೆ ಚಕ್ರ ತಿರುಗುತ್ತದೆ, ಗಾಳಿ ಮಾತ್ರ ಹೋಗುವುದಿಲ್ಲ.

ಹೆಜ್ಜೆ 6: ಮೊದಲು ದೊಡ್ಡ ಗಾಯಗಳು

ಕ್ಲೀನಿಂಗ್‌ಗೆ ಮೊದಲೇ ಒಂದಿಷ್ಟು ರಿಪೇರಿ ಆಗಬೇಕು. ಕಾರಣ ಸರಳ: ಕ್ಲೀನಿಂಗ್ ನಡೆಯುವುದು ಡಕ್ಟಿನಿಂದ ಗಾಳಿ ಹೀರುವ ಮೂಲಕ. ಒಂದು ಕಡೆ ಡಕ್ಟ್ ಪೂರ್ತಿ ಕಳಚಿ ಬಿದ್ದಿದ್ದರೆ ಯಂತ್ರ ಅಲ್ಲಿಂದಲೇ ಗಾಳಿ ಕುಡಿಯುತ್ತದೆ, ಮುಂದಿನ ಭಾಗದ ಧೂಳು ಕದಲುವುದಿಲ್ಲ.

ಕಳಚಿದ ಜಾಯಿಂಟ್ ಸೇರಿಸಿ, ಬಾಯಿ ತೆರೆದ ಟೊಳ್ಳು ಮುಚ್ಚಿ, ಇಲಿ ಬಂದ ದಾರಿಗೆ ತಗಡು ಹಾಕಿ. ನೀರು ಬರುತ್ತಿದ್ದರೆ ಅದರ ಮೂಲ ನಿಲ್ಲಿಸಿ. ಮಾಡು ಸೋರುತ್ತಿರಬಹುದು, ಕಾಯಿಲ್ ಕೆಳಗಿನ ತಟ್ಟೆಯ ಕೊಳವೆ ಕಟ್ಟಿಕೊಂಡಿರಬಹುದು, ತಂಪು ಡಕ್ಟಿನ ಮೇಲೆ ಹೊದಿಕೆ ಇಲ್ಲದೆ ಬೆವರು ಕೂರುತ್ತಿರಬಹುದು. ತೇವ ಇರುವವರೆಗೆ ಬೂಷ್ಟು ಮತ್ತೆ ಮತ್ತೆ ಬರುತ್ತದೆ.

ಬೂಷ್ಟಿಗೆ ಔಷಧಿ ಹೊಡೆಯುತ್ತೇವೆ ಅಂದರೆ? ನನ್ನ ಮಟ್ಟಿಗೆ ಬೇಡ. ಡಕ್ಟಿನೊಳಗೆ ಹೊಡೆದದ್ದು ಕೊನೆಗೆ ಬರುವುದು ನಿಮ್ಮ ಮೂಗಿಗೇ. ಫೈಬರ್‌ಗ್ಲಾಸ್ ಒಳಮೈಗೆ ಅಂತೂ ಯಾವ ರಾಸಾಯನಿಕವೂ ಬೇಡ, ಆ ತುಂಡನ್ನೇ ಬದಲಿಸಿ.

ಹೆಜ್ಜೆ 7: ಕ್ಲೀನಿಂಗ್ ದಿನ

ಹಿಂದಿನ ದಿನವೇ ಗ್ರಿಲ್‌ಗಳ ಸುತ್ತಮುತ್ತಲಿನ ಸಾಮಾನು ಸರಿಸಿಡಿ. ಆಸ್ತಮಾ ಇರುವವರು, ಚಿಕ್ಕ ಮಕ್ಕಳು ಆ ದಿನ ಮನೆಯಲ್ಲಿ ಇಲ್ಲದಿದ್ದರೆ ಒಳ್ಳೆಯದು.

ಸರಿಯಾದ ಕ್ಲೀನಿಂಗ್‌ಗೆ ಎರಡು ಕೈ ಬೇಕು. ಒಂದು ಎಳೆಯುವ ಕೈ: ದೊಡ್ಡ ವ್ಯಾಕ್ಯೂಮ್ ಯಂತ್ರ. ಅದನ್ನು ಮುಖ್ಯ ಡಕ್ಟಿಗೆ ಜೋಡಿಸಿ ಇಡೀ ವ್ಯವಸ್ಥೆಯ ಗಾಳಿಯನ್ನು ತನ್ನ ಕಡೆ ಎಳೆಯುವಂತೆ ಮಾಡುತ್ತಾರೆ. ಇನ್ನೊಂದು ಕದಲಿಸುವ ಕೈ: ತಿರುಗುವ ಬ್ರಶ್, ಅಥವಾ ಕಂಪ್ರೆಸರ್ ಗಾಳಿಯಲ್ಲಿ ಹಾವಿನ ಹಾಗೆ ಒದ್ದಾಡುವ ರಬ್ಬರ್ ಚಾಟಿಗಳು. ಕದಲಿಸದೆ ಬರೀ ಎಳೆದರೆ ಅಂಟಿದ ಧೂಳು ಬರುವುದಿಲ್ಲ. ಎಳೆಯದೆ ಬರೀ ಕದಲಿಸಿದರೆ ಧೂಳೆಲ್ಲ ನಿಮ್ಮ ರೂಮಿಗೆ. ಎರಡೂ ಒಟ್ಟಿಗೆ ನಡೆಯುತ್ತಿದೆಯಾ ನಿಂತು ನೋಡಿ.

ಪರೀಕ್ಷೆ ಸುಲಭ. ಯಂತ್ರ ಓಡುತ್ತಿರುವಾಗ ತೆರೆದ ಗ್ರಿಲ್ ಬಾಯಿಗೆ ಟಿಶ್ಯೂ ಹಿಡಿದರೆ ಅದು ಒಳಕ್ಕೆ ಎಳೆದುಕೊಳ್ಳಬೇಕು. ಉಳಿದ ಗ್ರಿಲ್‌ಗಳನ್ನೆಲ್ಲ ಅವರು ಮುಚ್ಚಿರಬೇಕು. ಆ ಹೊತ್ತಿಗೆ ಕ್ಲೀನ್ ಆಗುತ್ತಿರುವುದೊಂದೇ ತೆರೆದಿರಬೇಕು. ದೂರದ ಗ್ರಿಲ್‌ನಿಂದ ಶುರು ಮಾಡಿ ಯಂತ್ರದ ಕಡೆಗೆ ಬರುತ್ತಾರೆ. ರಿಟರ್ನ್ ಕಡೆಯ ಕೊಳೆ ರೂಮುಗಳಿಗೆ ಗಾಳಿ ಕೊಡುವ ಸಪ್ಲೈ ಕಡೆಗೆ ಹೋಗದಂತೆ ಮಧ್ಯೆ ತಡೆ ಹಾಕುತ್ತಾರೆ. ವ್ಯಾಕ್ಯೂಮ್ ಯಂತ್ರ ಮನೆಯೊಳಗೇ ಇದ್ದರೆ ಅದಕ್ಕೆ ಹೆಪಾ ಫಿಲ್ಟರ್ ಇರಲೇಬೇಕು. 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿ ಶೇ. 99.97ರಷ್ಟು ಹಿಡಿಯುವ ಫಿಲ್ಟರ್ ಅದು. ಇಲ್ಲದಿದ್ದರೆ ಯಂತ್ರ ಹೊರಗೆ ಅಂಗಳದಲ್ಲೇ ಇರಲಿ.

ಕವಲು ಡಕ್ಟುಗಳಲ್ಲಿ ಗಾಳಿ ಹೆಚ್ಚು ಕಡಿಮೆ ಮಾಡುವ ಡ್ಯಾಂಪರ್ ಹಿಡಿಗಳಿರುತ್ತವೆ. ಕೆಲಸಕ್ಕೆ ಮೊದಲು ಅವು ಹೇಗಿದ್ದವು ಅಂತ ಮಾರ್ಕರ್‌ನಲ್ಲಿ ಗೆರೆ ಎಳೆದುಬಿಡಿ. ಇಲ್ಲದಿದ್ದರೆ "ಕ್ಲೀನ್ ಮಾಡಿಸಿದ ಮೇಲೆ ಬೆಡ್‌ರೂಮಿಗೆ ಗಾಳಿಯೇ ಬರ್ತಿಲ್ಲ" ಅನ್ನುವ ಹೊಸ ದೂರು ಶುರು.

ತಗಡಿನಲ್ಲಿ ಕೊರೆದ ತೂತುಗಳನ್ನು ಹೇಗೆ ಮುಚ್ಚುತ್ತಾರೆ ಗಮನಿಸಿ. ತೂತಿಗಿಂತ ಪ್ರತಿ ಬದಿಗೆ ಸುಮಾರು ಒಂದಂಗುಲ ದೊಡ್ಡದಾದ ತಗಡು, ಸ್ಕ್ರೂ, ಅಂಚಿಗೆ ಸೀಲಂಟ್. ಚಿಕ್ಕ ತೂತಿಗೆ ಬಿಗಿ ಬಿರಡೆ ಸಾಕು. ಟೇಪ್ ಅಂಟಿಸಿ ಹೋದರೆ ಅದು ಮುಂದಿನ ವರ್ಷದ ಸೋರಿಕೆ.

ದುಡ್ಡು ಕೊಡುವ ಮೊದಲು ಒಳಗೆ ನೋಡಿ. ನಿಮ್ಮ ಹಳೆ ಫೋಟೋ ತೆಗೆದು, ಅದೇ ಗ್ರಿಲ್‌ನಲ್ಲಿ ಹೊಸ ಫೋಟೋ ತೆಗೆಯಿರಿ. ತಗಡು ಬರಿ ತಗಡಾಗಿ ಕಾಣಬೇಕು. ಜಗಳಕ್ಕೆ ಬಂದರೆ ನ್ಯಾಡ್ಕಾದ ತೂಕದ ಪರೀಕ್ಷೆಯೂ ಇದೆ: 100 ಚದರ ಸೆಂಟಿಮೀಟರಿಗೆ 0.75 ಮಿಲಿಗ್ರಾಂಗಿಂತ ಹೆಚ್ಚು ಧೂಳು ಉಳಿದಿರಬಾರದು. ಮನೆಗಳಲ್ಲಿ ಸಾಮಾನ್ಯವಾಗಿ ಅಷ್ಟು ದೂರ ಹೋಗುವುದಿಲ್ಲ, ಕಣ್ಣೇ ಸಾಕು.

ಹೆಜ್ಜೆ 8: ಸೀಲ್ ಮಾಡುವುದು

ಹೆಚ್ಚಿನವರು ಕ್ಲೀನಿಂಗ್ ಆದಲ್ಲಿಗೆ ನಿಲ್ಲಿಸುತ್ತಾರೆ. ನನ್ನ ಪ್ರಕಾರ ಅಸಲಿ ಕೆಲಸ ಇಲ್ಲಿಂದ ಶುರು. ಇಂಧನ ಉಳಿತಾಯಕ್ಕೆಂದು ಅಮೆರಿಕ ಸರ್ಕಾರ ಶುರು ಮಾಡಿದ ಎನರ್ಜಿ ಸ್ಟಾರ್ ಕಾರ್ಯಕ್ರಮದ ಅಂದಾಜಿನ ಪ್ರಕಾರ ಸಾಮಾನ್ಯ ಮನೆಯಲ್ಲಿ ಡಕ್ಟಿನಲ್ಲಿ ಹರಿಯುವ ಗಾಳಿಯ ಶೇ. 20ರಿಂದ 30ರಷ್ಟು ಸೋರಿ ಹೋಗುತ್ತದೆ.

ಸೋರಿಕೆ ಎರಡು ಥರ. ಸಪ್ಲೈ ಕಡೆ ತೂತಾದರೆ ದುಡ್ಡು ಕೊಟ್ಟು ತಂಪು ಮಾಡಿದ ಗಾಳಿ ಅಟ್ಟಕ್ಕೆ ಹೋಗುತ್ತದೆ. ಕರೆಂಟ್ ಬಿಲ್ ಬಂದಾಗ ಗೊತ್ತಾಗುತ್ತದೆ. ರಿಟರ್ನ್ ಕಡೆ ತೂತಾದರೆ ಅಟ್ಟದ, ನೆಲಮಾಳಿಗೆಯ ಗಾಳಿ ಧೂಳು ಸಮೇತ ಒಳಗೆ ಬರುತ್ತದೆ. ಮೂಗಿಗೆ ಗೊತ್ತಾಗುತ್ತದೆ. ಧೂಳಿನ ದೂರು ಇರುವವರು ರಿಟರ್ನ್‌ನಿಂದ ಶುರು ಮಾಡಿ. ಆಮೇಲೆ ಯಂತ್ರದ ಹತ್ತಿರದ ಜಾಯಿಂಟುಗಳು, ಯಾಕೆಂದರೆ ಒತ್ತಡ ಜಾಸ್ತಿ ಇರುವುದು ಅಲ್ಲೇ. ಆಮೇಲೆ ಕವಲು ಒಡೆಯುವ ಜಾಗಗಳು, ಕೊನೆಗೆ ಗ್ರಿಲ್ ಪೆಟ್ಟಿಗೆಗೂ ನೆಲ, ಗೋಡೆ, ಸೀಲಿಂಗ್‌ಗೂ ನಡುವಿನ ಸಂದಿ.

ಈಗ ಟೇಪಿನ ವಿಷಯ. ಬಟ್ಟೆ ಬೆನ್ನಿನ ಬೂದು ಬಣ್ಣದ ಟೇಪ್ ಇದೆಯಲ್ಲ, 'ಡಕ್ಟ್ ಟೇಪ್' ಅಂತಲೇ ಮಾರುವುದು? ಅದನ್ನು ಡಕ್ಟ್ ಒಂದಕ್ಕೆ ಮಾತ್ರ ಹಾಕಬೇಡಿ. 1998ರಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ರಾಷ್ಟ್ರೀಯ ಪ್ರಯೋಗಾಲಯದ ಸಂಶೋಧಕರು ಬೇರೆ ಬೇರೆ ಸೀಲಂಟ್‌ಗಳನ್ನು ಬಿಸಿ, ತಂಪು ಗಾಳಿಗೆ ಒಡ್ಡಿ ಪರೀಕ್ಷೆ ಮಾಡಿದರು. ಬೇಗ ಬೇಗ ಕೈಕೊಟ್ಟದ್ದು ಇದೇ ಟೇಪ್. ಅಂಟು ಒಣಗಿ, ಸುರುಟಿ, ಕಳಚಿಕೊಳ್ಳುತ್ತದೆ. ಹಳೆ ಮನೆಯ ಅಟ್ಟದಲ್ಲಿ ಒಣಗಿದ ಎಲೆಯ ಹಾಗೆ ನೇತಾಡುತ್ತಿರುವ ಟೇಪ್ ನೋಡಿದವರಿಗೆ ಇದಕ್ಕೆ ಪ್ರಯೋಗಾಲಯ ಬೇಕಿಲ್ಲ.

ಬೇಕಾದದ್ದು ಮ್ಯಾಸ್ಟಿಕ್. ಡಬ್ಬದಲ್ಲಿ ಬರುವ, ಬಣ್ಣಕ್ಕಿಂತ ಮಂದವಾದ ಲೇಪ. ಮಾಡುವ ಕ್ರಮ ಹೀಗೆ. ಜಾಯಿಂಟಿನ ಸುತ್ತ ಹೊದಿಕೆ ಸರಿಸಿ, ಹಳೆ ಟೇಪ್ ಕಿತ್ತುಹಾಕಿ. (ಅದು ಬಿಳಿ ಅಥವಾ ಬೂದು ಬಣ್ಣದ ಕಾಗದದಂಥ ಟೇಪಾದರೆ ಮೂರನೇ ಹೆಜ್ಜೆ ನೆನಪಿರಲಿ.) ಒದ್ದೆ ಬಟ್ಟೆಯಿಂದ ಧೂಳು, ಜಿಡ್ಡು ಒರೆಸಿ ಒಣಗಲು ಬಿಡಿ. ದುಂಡು ಕೊಳವೆಯಾದರೆ ಸುತ್ತ ಸಮ ಅಂತರದಲ್ಲಿ ಕಡೇ ಪಕ್ಷ ಮೂರು ಸ್ಕ್ರೂ ಹಾಕಿ. ಮ್ಯಾಸ್ಟಿಕ್ ಸೀಲ್ ಮಾಡುತ್ತದೆ, ಹಿಡಿದಿಡುವುದು ಸ್ಕ್ರೂಗಳ ಕೆಲಸ. ಸಂದಿ 6 ಮಿಲಿಮೀಟರಿಗಿಂತ, ಅಂದರೆ ಕಾಲಂಗುಲಕ್ಕಿಂತ ಅಗಲ ಇದ್ದರೆ ಅದರ ಮೇಲೆ ಫೈಬರ್‌ಗ್ಲಾಸ್ ಜಾಲರಿ ಟೇಪ್ ಕೂರಿಸಿ. ಈಗ ಹಳೆ ಬ್ರಶ್ಶಿನಿಂದ ಮ್ಯಾಸ್ಟಿಕ್ ಬಳಿಯಿರಿ. ಸುಮಾರು 2 ಮಿಲಿಮೀಟರ್ ದಪ್ಪ, ಜಾಯಿಂಟಿನ ಎರಡೂ ಬದಿಗೆ ಎರಡೆರಡು ಬೆರಳು ಅಗಲ. ಜಾಲರಿಯ ಕಣ್ಣು ಕಾಣುತ್ತಿದ್ದರೆ ಇನ್ನೊಂದು ಕೈ ಬಳಿಯಿರಿ. ಕೈ ಹೋಗದ ಹಿಂಬದಿಯನ್ನು ಬಿಟ್ಟುಬಿಡುವುದೇ ಎಲ್ಲರೂ ಮಾಡುವ ತಪ್ಪು. ಗ್ಲೌಸ್ ಹಾಕಿಕೊಂಡು ಬೆರಳಲ್ಲೇ ಮೆತ್ತಿ, ಕನ್ನಡಿ ಹಿಡಿದು ನೋಡಿ. ಡಬ್ಬದ ಮೇಲೆ ಬರೆದಷ್ಟು ಹೊತ್ತು ಒಣಗಲು ಬಿಟ್ಟು ಆಮೇಲೆ ಹೊದಿಕೆ ಮುಚ್ಚಿ.

ಟೇಪೇ ಬೇಕೆಂದರೆ ಯುಎಲ್ 181 (ಡಕ್ಟಿಗೆಂದೇ ಪರೀಕ್ಷೆ ಮಾಡಿದ ಸಾಮಾನಿನ ಮೇಲೆ ಹಾಕುವ ಗುರುತು) ಎಂದು ಬರೆದಿರುವ ಅಲ್ಯೂಮಿನಿಯಂ ಹಾಳೆಯ ಟೇಪ್ ಕೊಳ್ಳಿ. ಮುಂದೆ ಬಿಚ್ಚಬೇಕಾಗುವ ಜಾಗಕ್ಕೆ, ಉದಾಹರಣೆಗೆ ಬ್ಲೋವರ್ ಬಾಗಿಲಿನ ಅಂಚಿಗೆ, ಮ್ಯಾಸ್ಟಿಕ್ ಬದಲು ಅದನ್ನೇ ಹಾಕಬೇಕು.

ತೊಲೆಗಳ ನಡುವಿನ 'ಡಕ್ಟೇ ಇಲ್ಲದ ಡಕ್ಟ್' ಬಗ್ಗೆ ಎರಡು ದಾರಿ. ತೊಲೆಯ ತುದಿಗಳಿಗೆ ತಡೆ ಹಾಕಿ, ವೈರ್, ಪೈಪ್ ಹೋದ ತೂತು ಮುಚ್ಚಿ, ಅಂಚುಗಳಿಗೆಲ್ಲ ಮ್ಯಾಸ್ಟಿಕ್ ಬಳಿಯುವುದು ಒಂದು. ಅದರೊಳಗೆ ನಿಜವಾದ ತಗಡಿನ ಡಕ್ಟ್ ತೂರಿಸುವುದು ಇನ್ನೊಂದು. ಕೈಗೆ ಸಿಗುವ ಜಾಗವಾದರೆ ಎರಡನೆಯದನ್ನೇ ಮಾಡಿಸಿ. ಮರ ಪ್ರತಿ ಋತುವಿಗೂ ಹಿಗ್ಗಿ ಕುಗ್ಗುತ್ತದೆ, ಸೀಲಂಟ್ ಎಷ್ಟು ದಿನ ತಡೆದೀತು?

ಗೋಡೆಯೊಳಗೆ ಹೂತ, ಕೈಗೆ ಸಿಗದ ಡಕ್ಟುಗಳಿಗೆ ಒಳಗಿನಿಂದ ಸೀಲ್ ಮಾಡುವ ವಿಧಾನವಿದೆ. ಅದೇ ಬರ್ಕ್ಲಿ ಪ್ರಯೋಗಾಲಯದಲ್ಲಿ 1990ರ ದಶಕದಲ್ಲಿ ಹುಟ್ಟಿದ್ದು, ಏರೋಸೀಲ್ ಹೆಸರಿನಲ್ಲಿ ಸಿಗುತ್ತದೆ. ಎಲ್ಲ ಗ್ರಿಲ್ ಮುಚ್ಚಿ, ಅಂಟಿನ ಸೂಕ್ಷ್ಮ ಹನಿಗಳನ್ನು ಒತ್ತಡದಲ್ಲಿ ಬಿಡುತ್ತಾರೆ. ಗಾಳಿ ಎಲ್ಲಿ ಹೊರಗೆ ನುಗ್ಗುತ್ತದೋ ಅಲ್ಲಿನ ಅಂಚಿಗೆ ಅವು ಅಂಟಿ ಅಂಟಿ ತೂತು ಮುಚ್ಚಿಕೊಳ್ಳುತ್ತದೆ. ಸುಮಾರು 16 ಮಿಲಿಮೀಟರ್‌ವರೆಗಿನ ಸಂದಿಗೆ ಸರಿ. ಕಳಚಿದ ಡಕ್ಟಿಗೆ ಇದು ಮದ್ದಲ್ಲ. ಕ್ಲೀನಿಂಗ್ ಆದಮೇಲೆಯೇ ಮಾಡಿಸಬೇಕು, ಧೂಳಿನ ಮೇಲೆ ಅಂಟು ಕೂತರೆ ಎರಡೂ ಒಟ್ಟಿಗೆ ಉದುರುತ್ತವೆ.

ಹೆಜ್ಜೆ 9: ಫ್ಲೆಕ್ಸ್ ಮತ್ತು ಹೊದಿಕೆ

ಫ್ಲೆಕ್ಸ್ ಬದಲಿಸುವುದಾದರೆ ಪೂರ್ತಿ ಎಳೆದು ನೆಟ್ಟಗೆ ಹಾಕಿಸಿ. ಉಳಿದದ್ದನ್ನು ಸುರುಳಿ ಸುತ್ತಿ ಬಿಟ್ಟರೆ ಗಾಳಿ ಅಲ್ಲೇ ಸುಸ್ತಾಗುತ್ತದೆ. ಸುಮಾರು ನಾಲ್ಕು ಅಡಿಗೊಂದು ಅಗಲ ಪಟ್ಟಿಯ ಆಧಾರ ಇರಲಿ, ಒಂದಡಿ ಉದ್ದಕ್ಕೆ ಅರ್ಧ ಅಂಗುಲಕ್ಕಿಂತ ಹೆಚ್ಚು ಜೋಲಬಾರದು. ತೆಳ್ಳನೆ ತಂತಿಯಲ್ಲಿ ಬಿಗಿದರೆ ಕತ್ತು ಹಿಸುಕಿದ ಹಾಗೆ. ಅಟ್ಟದಂಥ ಬಿಸಿ ಜಾಗದಲ್ಲಿ ಆರ್-8 ಹೊದಿಕೆ (ಆರ್ ಅಂದರೆ ಶಾಖ ತಡೆಯುವ ಶಕ್ತಿಯ ಅಳತೆ) ಇರಲಿ, ಅದರ ಹೊರಪೊರೆ ಹರಿದಿರಬಾರದು.

ಹೆಜ್ಜೆ 10: ಅಳತೆ ಮತ್ತು ಸುರಕ್ಷತೆ

ಸೀಲ್ ಆಗಿದೆ ಅನ್ನುವುದನ್ನು ಮಾತಿನಲ್ಲಿ ನಂಬಬೇಡಿ, ಅಳೆಸಿ. ಗ್ರಿಲ್‌ಗಳನ್ನೆಲ್ಲ ಮುಚ್ಚಿ, ಸಣ್ಣ ಫ್ಯಾನಿನಿಂದ ಡಕ್ಟಿಗೆ 25 ಪಾಸ್ಕಲ್ ಒತ್ತಡ ಕೊಟ್ಟು, ಆ ಒತ್ತಡ ನಿಲ್ಲಿಸಲು ಎಷ್ಟು ಗಾಳಿ ಬೇಕಾಯಿತು ನೋಡುತ್ತಾರೆ. ಅಷ್ಟು ಗಾಳಿ ಸೋರುತ್ತಿದೆ ಅಂತ ಅರ್ಥ. ಹಳೆ ಮನೆಯಲ್ಲಿ ಹೊಸ ಮನೆಯ ಅಂಕಿ ಹಿಡಿಯಲು ಹೋಗಬೇಡಿ, ಕೆಲಸಕ್ಕೆ ಮೊದಲೊಮ್ಮೆ, ಆಮೇಲೊಮ್ಮೆ ಅಳೆಸಿ ಹೋಲಿಸಿ.

ಇನ್ನೊಂದು ಅಳತೆ ಎಷ್ಟೋ ಜನ ಮರೆಯುತ್ತಾರೆ. ತೂತುಗಳೆಲ್ಲ ಮುಚ್ಚಿದ ಮೇಲೆ ಬ್ಲೋವರ್ ಅಷ್ಟೂ ಗಾಳಿಯನ್ನು ಡಕ್ಟಿನ ಮೂಲಕವೇ ತಳ್ಳಬೇಕು. ಹಳೆ ಡಕ್ಟ್ ಚಿಕ್ಕದಾಗಿದ್ದರೆ ಅದಕ್ಕೆ ಏದುಸಿರು ಬರುತ್ತದೆ. ಒತ್ತಡವನ್ನು, ಅಂದರೆ ಸ್ಟ್ಯಾಟಿಕ್ ಪ್ರೆಶರ್ ಅನ್ನು, ಅಳೆಸಿ. ಹೆಚ್ಚಿನ ಮನೆ ಯಂತ್ರಗಳ ಮಿತಿ ಸುಮಾರು 125 ಪಾಸ್ಕಲ್, ನಿಮ್ಮ ಯಂತ್ರದ ಫಲಕದಲ್ಲಿ ಬರೆದಿರುತ್ತದೆ. ಮೀರಿದರೆ ಇನ್ನೊಂದು ರಿಟರ್ನ್ ಕೂಡಿಸಬೇಕಾಗಬಹುದು.

ಗ್ಯಾಸಿನ ಅಥವಾ ಎಣ್ಣೆಯ ಹೀಟರ್, ಗೀಸರ್ ಇರುವ ಮನೆಯಾದರೆ ಹೊಗೆಯ ಪರೀಕ್ಷೆಯಂತೂ ಕಡ್ಡಾಯ. ಡಕ್ಟ್ ಸೀಲ್ ಆದಮೇಲೆ ಮನೆಯೊಳಗಿನ ಒತ್ತಡ ಬದಲಾಗುತ್ತದೆ. ಚಿಮಣಿಯಲ್ಲಿ ಮೇಲೆ ಹೋಗಬೇಕಾದ ಹೊಗೆ ಕೆಳಗೆ ಬರಬಹುದು. ಅದರಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಹೊಗೆ ಸರಿಯಾಗಿ ಮೇಲೆ ಹೋಗುತ್ತಿದೆಯಾ ಅಂತ ತಜ್ಞರಿಂದ ಪರೀಕ್ಷೆ ಮಾಡಿಸಿ. ಮಲಗುವ ಕೋಣೆಗಳ ಹತ್ತಿರ ಕಾರ್ಬನ್ ಮಾನಾಕ್ಸೈಡ್ ಅಲಾರಾಂ ಇಲ್ಲದಿದ್ದರೆ ಇವತ್ತೇ ಹಾಕಿಸಿ.

ಹೆಜ್ಜೆ 11: ಮೊದಲ ಫಿಲ್ಟರ್

ಕೆಲಸ ಮುಗಿದ ದಿನ ಹೊಸ ಫಿಲ್ಟರ್ ಹಾಕಿ. ಮರ್ವ್ (ಫಿಲ್ಟರ್ ಎಷ್ಟು ಚೆನ್ನಾಗಿ ಕಣಗಳನ್ನು ಹಿಡಿಯುತ್ತದೆ ಅನ್ನುವ ಅಳತೆ) 8ರಿಂದ 13ರ ನಡುವೆ, ನಿಮ್ಮ ಬ್ಲೋವರ್ ತಡೆಯುವಷ್ಟು. ಬಾಣದ ಗುರುತು ಬ್ಲೋವರ್ ಕಡೆಗೆ ಇರಬೇಕು. ಚೌಕಟ್ಟಿನ ಮೇಲೆ ತಾರೀಕು ಬರೆಯಿರಿ.

ಈ ಮೊದಲ ಫಿಲ್ಟರನ್ನು ಮೂರು ವಾರಕ್ಕೇ ತೆಗೆದು ನೋಡಿ. ಅಳಿದುಳಿದ ಸಡಿಲ ಧೂಳೆಲ್ಲ ಅದರಲ್ಲಿ ಸೇರಿರುತ್ತದೆ, ಗಾಬರಿ ಬೇಡ, ಬದಲಿಸಿ. ನೋಡಬೇಕಾದದ್ದು ಅಂಚುಗಳನ್ನು. ಮಧ್ಯಭಾಗ ಎಲ್ಲ ಕಡೆ ಒಂದೇ ಸಮ ಬೂದಾಗಿ, ಚೌಕಟ್ಟು ಬಿಳಿಯಾಗಿ ಉಳಿದಿದ್ದರೆ ಗಾಳಿ ಫಿಲ್ಟರ್ ಮೂಲಕವೇ ಹೋಗುತ್ತಿದೆ. ಒಂದು ಅಂಚಿನಲ್ಲಿ ಕಪ್ಪು ಗೀರುಗಳಿದ್ದರೆ ಅಲ್ಲಿ ಇನ್ನೂ ಸಂದಿ ಇದೆ. ಆ ಬದಿಗೆ ಒಂದು ಫೋಮ್ ಪಟ್ಟಿ ಅಂಟಿಸಿ, ಹೊಸ ಫಿಲ್ಟರ್ ಬಿಗಿಯಾಗಿ ಕೂರಿಸಿ, ಮತ್ತೆ ಮೂರು ವಾರ ಬಿಟ್ಟು ಅದೇ ಅಂಚನ್ನು ನೋಡಿ.